ಗಾಡಿ ಮಾತು ಬಿಟ್ಟಿದೆ

ಮರಳೂರು, ತುಮಕೂರು
೧೨ ಜನವರಿ ೨೦೨೫

ಪೂಜ್ಯ ಅಪ್ಪಾಜಿಯವರಿಗೆ ಅನುಪಮಾಳ ಶರಣು.

ತುಮಕೂರಿನಿಂದ ಗುಬ್ಬಿಗೆ ಈ ಕಾಲದಲ್ಲಿ ಯಾರೂ ಕಾಗದ ಬರೆಯುವುದಿಲ್ಲ. ಆದರೆ ನಾನು ಫೋನು ಮಾಡಿದಾಗಲೆಲ್ಲ ತಾವು ‘ಹ್ಞೂ, ಹ್ಞೂ, ನಿಮ್ಮಮ್ಮಂಗೆ ಕೊಡ್ತೀನಿ ತಡಿ’ ಎಂದು ದಾಟಿಸಿಬಿಡುತ್ತೀರಿ. ಬರೆದದ್ದನ್ನಾದರೂ ಓದುವಿರೆಂಬ ನಂಬಿಕೆಯಿಂದ ಈ ಕವರನ್ನು ಕಂಡಕ್ಟರ್ ಓಬಳಯ್ಯನವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಬಸ್ಸಿನ ಕೆಲಸದಿಂದ ನಿವೃತ್ತರಾದ ಮೇಲೆ ತಾವು ಕೊಂಡ ಹಳೆಯ ಮಿನಿ ಬಸ್ಸು ಈಗ ಬಸ್ಸಾಗಿ ಉಳಿದಿಲ್ಲ. ಮಂಚ, ಒಲೆ, ನೀರಿನ ಟ್ಯಾಂಕು, ಪುಟ್ಟ ಬಚ್ಚಲು, ಇಷ್ಟನ್ನೂ ಹೊತ್ತು ಅದು ಓಡಾಡುವ ಮನೆಯಾಗಿದೆ; ಅಷ್ಟೇ ಭಾರವೂ ಆಗಿದೆ. ಹಾಸಿಗೆ ಹಿಡಿದ ಹಿರಿಯರನ್ನು ತಾವೂ ಅಮ್ಮನೂ ಅದರಲ್ಲಿ ಅವರು ಬಯಸಿದ ಊರಿಗೆ ಕರೆದೊಯ್ಯುವುದು ಒಳ್ಳೆಯ ಕೆಲಸವೇ. ಆದರೆ ಅದು ಕುಣಿಯುವ ರೀತಿಗೆ ಗಟ್ಟಿಮುಟ್ಟಾದವರ ಬೆನ್ನೂ ನೋಯುತ್ತದೆ. ಹೀಗಿರುವಾಗ, ಕೊತ್ತಗೆರೆಯ ಮಹಾಲಕ್ಷ್ಮಮ್ಮನವರನ್ನು ಮಾರ್ಚ್ ತಿಂಗಳಲ್ಲಿ ಸೊಂಟದ ಆಪರೇಷನ್ ಆದ ಮೇಲೆ ಒಂದು ಕುಲುಕೂ ಇಲ್ಲದೆ ಮನೆ ಮುಟ್ಟಿಸುತ್ತೇನೆಂದು ತಾವು ಮಾತು ಕೊಟ್ಟಿದ್ದೀರಿ. ಮಾತು ಕೊಟ್ಟವರು ತಾವು, ಉಳಿಸಿಕೊಡಬೇಕಾದವಳು ನಾನು. ಅದನ್ನೂ ಅಮ್ಮನ ಬಾಯಲ್ಲಿ ಕೇಳಿಸಿದಿರಿ.

ಇಲ್ಲಿಯ ಶಿವಮೂರ್ತಿಯವರ ಶೆಡ್ಡಿನಲ್ಲಿ ಕೆಲಸ ಆರಂಭವಾಗಿದೆ. ನಕ್ಷೆ ನನ್ನದು. ಸ್ಪ್ರಿಂಗ್ ಪ್ಲೇಟುಗಳಲ್ಲಿ ಕೆಲವನ್ನು ತೆಗೆದು, ಚಕ್ರದ ಆಕ್ಸಲ್ಲಿಗೂ ಗಾಡಿಯ ಅಡಿಚೌಕಟ್ಟಾದ ಚಾಸಿಗೂ ನಡುವೆ ದಪ್ಪ ರಬ್ಬರ್ ಬಲೂನುಗಳನ್ನು ಕೂರಿಸುತ್ತೇವೆ, ಹಿಂದೆಯೂ ಮುಂದೆಯೂ. ಇನ್ನು ಮೇಲೆ ಗಾಡಿಯ ಭಾರವನ್ನು ಉಕ್ಕಿನ ಬದಲು ಗಾಳಿ ಹೊರುತ್ತದೆ. ‘ಗಾಳಿ ಸೋರಿದ್ರೆ ಏನ್ ಗತಿ ಮೇಡಂ?’ ಎಂದು ಶಿವಮೂರ್ತಿ ಕೇಳಿದರು. ಅದಕ್ಕೂ ಉತ್ತರವಿದೆ. ಒತ್ತಡ ಇಳಿದ ಕೂಡಲೇ ಸ್ಟೇರಿಂಗಿನ ಪಕ್ಕದಲ್ಲಿ ಬಜರ್ ಕೂಗುತ್ತದೆ. ಬಲೂನಿನೊಳಗೆ ಗಟ್ಟಿ ರಬ್ಬರಿನ ತುಂಡೊಂದಿರುತ್ತದೆ. ಅದರ ಮೇಲೆ ಕುಳಿತು ಗಾಡಿ ನಿಧಾನವಾಗಿ ರಸ್ತೆಯ ಬದಿ ಸೇರಬಹುದು. ನಾನು ಯೋಚಿಸದೆ ಬಿಟ್ಟದ್ದು ಏನೂ ಇಲ್ಲ.

ನವೆಂಬರಿನ ಘಟಿಕೋತ್ಸವದ ವಿಷಯವನ್ನು ನಾನು ಎತ್ತುವುದಿಲ್ಲ. ಇಂಜಿನಿಯರಿಂಗಿನ ಚಿನ್ನದ ಪದಕಕ್ಕೆ ನನ್ನ ಹೆಸರು ಕೂಗಿದಾಗ ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿತು. ತಾವು ಮಾತ್ರ ಕೈಕಟ್ಟಿಕೊಂಡು ಫ್ಯಾನು ನೋಡುತ್ತ ಕುಳಿತಿದ್ದಿರಿ. ವೇದಿಕೆಯಿಂದ ಅದು ಚೆನ್ನಾಗಿ ಕಾಣುತ್ತಿತ್ತು. ಅಷ್ಟೇ.

ತಮ್ಮ ಮಗಳು,
ಅನುಪಮಾ

*

ಗುಬ್ಬಿ
೨-೨-೨೫

ಚಿ. ಅನುವಿಗೆ ಅಪ್ಪನ ಆಶೀರ್ವಾದ.

ಗಾಡಿ ಬಂದು ವಾರವಾಯಿತು. ನಿನ್ನ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಲೋಟದ ತುಂಬ ನೀರಿಟ್ಟುಕೊಂಡು ನಿಟ್ಟೂರಿನ ತನಕ ಹೋಗಿ ಬಂದೆವು, ಒಂದು ಹನಿ ಚೆಲ್ಲಲಿಲ್ಲ. ಓಬಳಯ್ಯ ಹತ್ತಿ ಕೂತು ಒಂದು ಸುತ್ತು ಬಂದ. ‘ಅಯ್ನೋರೇ, ಇದೇನು ಗಾಡಿನೋ ತೊಟ್ಲೋ? ನಮ್ ಬಸ್ಸಿಗೂ ಹಿಂಗೇ ಮಾಡ್ಸಿಕೊಡೋಕೆ ಹೇಳಿ ನಿಮ್ ಮಗಳಿಗೆ. ಆದ್ರೆ ಟಿಕೆಟ್ ತಗೊಳ್ಳೋಕೆ ಒಬ್ರೂ ಎದ್ದಿರಲ್ಲ’ ಅಂದನಂತೆ. ನಿನ್ನಮ್ಮ ಹೇಳಿದಳು.

ಒಂದು ಮಾತು ಬರೆಯಬೇಕು, ನಗಬೇಡ. ಗಾಡಿ ನನ್ನ ಜೊತೆ ಮಾತು ಬಿಟ್ಟಿದೆ. ಮೊದಲು ಚಕ್ರ ಕಲ್ಲು ಹತ್ತಿದರೆ ಸೊಂಟಕ್ಕೆ ಬರುತ್ತಿತ್ತು. ಒಳಗಿನ ಟೈರಿನಲ್ಲಿ ಗಾಳಿ ಕಮ್ಮಿಯಾದರೆ ಬೆನ್ನಿಗೆ ಗೊತ್ತಾಗುತ್ತಿತ್ತು. ಈಗ ನೀರಿನ ಮೇಲೆ ಕೂತ ಹಾಗಿದೆ. ಹೆಗ್ಗೆರೆ ಹತ್ತಿರದ ಹಂಪು ದಾಟಿದ್ದು ಕನ್ನಡಿಯಲ್ಲಿ ನೋಡಿದ ಮೇಲೆ ಗೊತ್ತಾಯಿತು.

ಇನ್ನೊಂದು. ಮೊದಲು ಗಾಡಿ ಕುಣಿಯುತ್ತಿದ್ದಾಗ ನಿನ್ನಮ್ಮ ನನ್ನ ಹಿಂದಿನ ಸೀಟಿನಲ್ಲೇ ಕಂಬಿ ಹಿಡಿದು ಕೂತಿರುತ್ತಿದ್ದಳು. ಈಗ ಓಡುವ ಗಾಡಿಯಲ್ಲೇ ಹಿಂದೆ ನಿಂತು ಕಾಫಿ ಕಾಯಿಸುತ್ತಾಳೆ. ಅವಳು ಅಲ್ಲೇ ಕೂತಿದ್ದರೆ ಚೆನ್ನಾಗಿತ್ತು ಅಂತ ನನಗೆ.

ಮುಂದಿನ ಚಕ್ರದ ಮೇಲಾದರೂ ಬಲೂನು ತೆಗೆದು ಸ್ವಲ್ಪ ಗಟ್ಟಿ ಮಾಡಲು ಆಗುತ್ತದಾ? ಇಷ್ಟು ವರ್ಷ ಬಸ್ಸು ಓಡಿಸಿದವನಿಗೆ ಈಗ ಸ್ಟೇರಿಂಗ್ ಹಿಡಿದರೆ ಭಯವಾಗುತ್ತದೆ. ಯಾರಿಗೂ ಹೇಳಬೇಡ.

ಇಂತಿ,
ಚನ್ನವೀರಯ್ಯ

*

ಮರಳೂರು
೯ ಫೆಬ್ರವರಿ ೨೦೨೫

ಪೂಜ್ಯ ಅಪ್ಪಾಜಿಯವರಿಗೆ ಶರಣು.

ತಮ್ಮ ಕಾಗದ ತಲುಪಿತು. ಗಾಡಿಗೆ ಮಾತು ಬರುವುದಿಲ್ಲ. ತಾವು ಮಾತೆಂದು ತಿಳಿದದ್ದು ರಸ್ತೆಯ ಪೆಟ್ಟು. ಆ ಪೆಟ್ಟನ್ನು ಮಂಚದಲ್ಲಿ ಮಲಗಿದವರ ಮೂಳೆಗೆ ತಲುಪದಂತೆ ತಡೆಯುವುದಕ್ಕಾಗಿಯೇ ನಾವು ಇಷ್ಟು ಶ್ರಮಪಟ್ಟೆವು. ಮುಂದಿನ ಬಲೂನುಗಳನ್ನು ತೆಗೆದರೆ ಗಾಡಿ ಮುಂದೆ ಗಟ್ಟಿ, ಹಿಂದೆ ಮೆತ್ತಗೆ ಆಗಿ ತಿರುವಿನಲ್ಲಿ ತಡವರಿಸುತ್ತದೆ. ಆದ್ದರಿಂದ ಅದು ಆಗದು. ಏನಾದರೂ ಕೆಟ್ಟರೆ ತಮ್ಮ ಬೆನ್ನಿಗಿಂತ ಮೊದಲು ಬಜರ್ ಹೇಳುತ್ತದೆ.

ಅಮ್ಮ ಓಡುವ ಗಾಡಿಯಲ್ಲಿ ನಿಂತು ಕಾಫಿ ಮಾಡುವಂತಾಯಿತೆಂಬುದು ನನ್ನ ಮಟ್ಟಿಗೆ ಪದಕಕ್ಕಿಂತ ದೊಡ್ಡ ಸಂಗತಿ. ಅವಳನ್ನು ಮತ್ತೆ ಕಂಬಿಗೆ ಕಟ್ಟಿಹಾಕಬೇಕೆಂದು ತಾವು ಬಯಸುವುದೇಕೆಂದು ನನಗೆ ಅರ್ಥವಾಗಲಿಲ್ಲ.

ಇಷ್ಟು ಬರೆದು ಕಾಗದವನ್ನು ಮಡಿಚಿದ್ದೆ. ಮತ್ತೆ ಬಿಡಿಸಿದೆ. ‘ಭಯವಾಗುತ್ತದೆ’ ಎಂಬ ಪದವನ್ನು ತಮ್ಮ ಅಕ್ಷರದಲ್ಲಿ ನಾನು ಹಿಂದೆಂದೂ ನೋಡಿರಲಿಲ್ಲ. ನಕ್ಷೆಯನ್ನು ಹರಡಿಕೊಂಡು ಮೊದಲಿನಿಂದ ಲೆಕ್ಕ ಹಾಕಿದೆ. ಆಕ್ಸಲ್ಲಿನ ಭಾರ, ಪೈಪು ಹಾದುಹೋಗುವ ದಾರಿ, ಒಂದೊಂದು ಬೋಲ್ಟು. ತಪ್ಪು ಸಿಕ್ಕಿದ್ದರೆ ನೆಮ್ಮದಿಯಾಗುತ್ತಿತ್ತು. ಏನೂ ಸಿಗಲಿಲ್ಲ. ತಪ್ಪಿಲ್ಲದ ಗಾಡಿಯಲ್ಲಿ ತಮ್ಮಂಥವರಿಗೆ ಭಯವೇಕೆ ಎಂಬ ಪ್ರಶ್ನೆ ಅಂದಿನಿಂದ ನನ್ನ ಜೊತೆಯಲ್ಲೇ ಊಟಕ್ಕೆ ಕೂರುತ್ತಿದೆ, ಕಾಲೇಜಿನಲ್ಲಿ ನಾನು ಮಾಡುವ ಪಾಠಕ್ಕೂ ಬರುತ್ತಿದೆ.

ಅನುಪಮಾ

*

ಗುಬ್ಬಿ
೨೩ ಫೆಬ್ರವರಿ

ಮಗಾ ಅನು, ನಿಮ್ಮಮ್ಮ ಬರೀತಿರೋದು.

ನಾವೆಲ್ಲ ಚೆನ್ನಾಗಿದೀವಿ, ಅದನ್ನ ಮೊದಲು ಓದ್ಕೋ. ಫೋನಲ್ಲಿ ಹೇಳಕ್ಕೆ ಹೋದ್ರೆ ನಿಮ್ಮಪ್ಪ ಎದುರಿಗೇ ಕೂತು ನನ್ನ ಬಾಯನ್ನೇ ನೋಡ್ತಾರೆ, ಅದಕ್ಕೇ ಬರೀತಿದೀನಿ.

ಮೊನ್ನೆ ಕೋರದ ಅಣ್ಣಯ್ಯಪ್ಪನೋರನ್ನ ಕುಣಿಗಲ್‌ನಲ್ಲಿರೋ ಮೊಮ್ಮಗಳ ಮನೆಗೆ ಕರ್ಕೊಂಡು ಹೊರಟಿದ್ವಿ. ಲಕ್ವ ಹೊಡೆದು ಮಂಚ ಹಿಡಿದಿರೋರು, ಜೊತೆಗೆ ಸೊಸೆ ಮಂಗಳಗೌರಿ. ಹೆಬ್ಬೂರು ದಾಟಿತ್ತು. ನಾನು ಹಿಂದೆ ನಿಂತು ಅವರಿಗೆ ಗಂಜಿ ಕಾಯಿಸ್ತಿದ್ದೆ. ಮುಂದೆ ಕುಂಯ್ ಅಂತ ಒಂದೇ ಸಮ ಸದ್ದು.

‘ಅಕ್ಕಾ, ಮುಂದೆ ಏನೋ ಕೂಗ್ತೈತಲ್ಲ’ ಅಂದ್ಲು ಮಂಗಳಗೌರಿ.

‘ಯಾವ್ದೋ ಲಾರಿ ರಿವರ್ಸ್ ತಗೊಳ್ತಿರ್ಬೇಕು ಬುಡವ್ವ’ ಅಂದೆ. ನನ್ನ ಬುದ್ಧಿಗೆ ಏನ್ ಹೇಳ್ಲಿ.

ಸದ್ದು ನಿಲ್ಲಲೇ ಇಲ್ಲ. ಗಾಡಿ ಎಡಕ್ಕೆ ವಾಲ್ತು, ಗಂಜಿ ಪಾತ್ರೆ ಜಾರ್ತು. ಆಮೇಲೆ ರಬ್ಬರ್ ಸುಟ್ಟ ವಾಸನೆ, ನೋಡಿದ್ರೆ ಚಕ್ರದ ಹತ್ರ ಹೊಗೆ. ‘ರೀ, ನಿಲ್ಸಿ’ ಅಂತ ಕೂಗಿದೆ. ಮಂಗಳಗೌರಿ ಕೂಗಿದ್ಲು. ಅಣ್ಣಯ್ಯಪ್ಪನೋರು ಮಲಗಿದ ಕಡೆಯಿಂದಲೇ ‘ಏನಪ್ಪಾ ಡ್ರೈವರೇ, ಕುಣಿಗಲ್ ಗಂಟ ಕರ್ಕೊಂಡೋಗು ಅಂದ್ರೆ ಇಲ್ಲೇ ಸುಟ್ಟಾಕ್ಬುಡ್ತೀಯಾ?’ ಅಂದ್ರು. ನಿಮ್ಮಪ್ಪ ತಿರುಗಿ ನೋಡಲಿಲ್ಲ. ಅದೇ ಸ್ಪೀಡಲ್ಲಿ ಹೋಗ್ತಾನೇ ಇದ್ರು. ನಾನು ಕಂಡಕಂಡದ್ದು ಹಿಡ್ಕೊಂಡು ಮುಂದಕ್ಕೆ ಹೋಗಿ ಎರಡೂ ಹೆಗಲ ಮೇಲೆ ಹೊಡೆದೆ. ಆಗ ನಿಲ್ಲಿಸಿದ್ರು.

ಯಾವ್ದೋ ಕಲ್ಲು ಸಿಡಿದು ಗಾಳಿ ಪೈಪು ಕುಯ್ದಿತ್ತಂತೆ. ಶಿವಮೂರ್ತಿ ಬಂದು ನೋಡಿ, ‘ಒಳಗಿನ ರಬ್ಬರ್ ತುಂಡು ಪುಡಿಯಾಗೈತೆ, ಬಾಡಿ ಟೈರ್ ಮೇಲೆ ಕೂತೈತೆ, ಇನ್ನೊಂದು ಸ್ವಲ್ಪ ಹೋಗಿದ್ರೆ ಟೈರ್ ಸಿಡಿಯೋದು’ ಅಂದ್ರು. ಪೈಪು ಬದಲಾಯ್ಸಿದಾರೆ.

ನನಗೆ ಭಯ ಅದಲ್ಲ ಮಗಾ. ದಾರೀಲಿ ಹೋಗೋರು ಸೇರಿ ಅಣ್ಣಯ್ಯಪ್ಪನೋರನ್ನ ಎತ್ತಿ ಇಳಿಸಿ, ಎಲ್ರೂ ರಸ್ತೇಲಿ ನಿಂತ ಮೇಲೂ ಆ ಬಜರ್ ನಿಮ್ಮಪ್ಪನ ಮುಂದೇನೇ ಕೂಗ್ತಾ ಇತ್ತು. ಅವರು ಸೀಟಲ್ಲಿ ಕೂತ್ಕೊಂಡು, ‘ಯಾಕೆ, ಎಲ್ರೂ ಹಿಂಗ್ ನೋಡ್ತಿದೀರಾ?’ ಅಂದ್ರು.

ಇದಕ್ಕಿಂತ ಜಾಸ್ತಿ ಬರೆಯಲ್ಲ. ಅವರಿಗೆ ಭಾಷೆ ಕೊಟ್ಟಿದೀನಿ. ನೀನು ಓದಿದೋಳು.

ನಿಮ್ಮಮ್ಮ,
ಶಿವರುದ್ರಮ್ಮ

*

ಮರಳೂರು
೨೪ ಫೆಬ್ರವರಿ ೨೦೨೫

ಅಪ್ಪಾಜಿ,

ಹೆಬ್ಬೂರಿನ ಹತ್ತಿರ ನಡೆದದ್ದನ್ನು ಅಮ್ಮ ಬರೆದಿದ್ದಾಳೆ.

ನಾನು ಯೋಚಿಸದೆ ಬಿಟ್ಟದ್ದು ಏನೂ ಇಲ್ಲವೆಂದು ಜನವರಿಯಲ್ಲಿ ಬರೆದಿದ್ದೆ. ಪೈಪು ತುಂಡಾದರೆ ಬಜರ್ ಇತ್ತು. ಬಜರ್ ಕೂಗಿದರೆ ನಿಧಾನಿಸಲು ರಬ್ಬರ್ ತುಂಡಿತ್ತು. ಆ ಬಜರನ್ನು ಕೇಳಬೇಕಾದ ಒಬ್ಬ ಮನುಷ್ಯ ಮಾತ್ರ ನನ್ನ ನಕ್ಷೆಯಲ್ಲಿರಲಿಲ್ಲ.

ತಮಗೆ ಕಿವಿ ಕೇಳಿಸುವುದಿಲ್ಲ. ಇದನ್ನು ಪ್ರಶ್ನೆಯಾಗಿ ಬರೆಯಲು ಎಷ್ಟೋ ಸಲ ಪ್ರಯತ್ನಿಸಿದೆ. ಪ್ರತಿ ಸಲವೂ ವಾಕ್ಯ ತಾನಾಗಿಯೇ ಹೀಗೆ ಮುಗಿಯಿತು. ಫೋನನ್ನು ಅಮ್ಮನಿಗೆ ದಾಟಿಸುವುದು, ಓಬಳಯ್ಯನವರು ಅಂದದ್ದನ್ನು ‘ಅಂದನಂತೆ’ ಎಂದು ಬರೆಯುವುದು, ಗಾಡಿ ಮಾತು ಬಿಟ್ಟಿದೆ ಎನ್ನುವುದು, ಎಲ್ಲವೂ ನನ್ನ ಕಣ್ಣೆದುರಿಗೇ ಇತ್ತು. ನಾನೇ ಗುಬ್ಬಿಗೆ ಬಂದು ಕೇಳಬಹುದಿತ್ತು. ಬಂದರೆ ತಾವು ನನ್ನ ತುಟಿ ನೋಡಿ ‘ಹ್ಞೂ’ ಎನ್ನುತ್ತೀರಿ, ನಾನು ಅದನ್ನು ನಂಬಿಬಿಡುತ್ತೇನೆ ಎಂಬ ಭಯಕ್ಕೆ ಬರೆಯುತ್ತಿದ್ದೇನೆ.

ದಯವಿಟ್ಟು ಗಾಡಿಯನ್ನು ಎಲ್ಲಿದೆಯೋ ಅಲ್ಲಿಂದ ಅಲುಗಿಸಬೇಡಿ. ಇಂದು ಬೆಳಗ್ಗೆ ಕಾಲೇಜಿನ ಎದುರು ಲಾರಿಯೊಂದು ಹಾರ್ನ್ ಹೊಡೆಯಿತು. ರಸ್ತೆ ದಾಟುತ್ತಿದ್ದವರೆಲ್ಲ ಹಿಂದೆ ಸರಿದರು. ನಾನು ಅಲ್ಲೇ ನಿಂತುಬಿಟ್ಟೆ. ಈ ಸದ್ದಿಲ್ಲದೆ ತಾವು ಎಷ್ಟು ವರ್ಷದಿಂದ, ಯಾರ್ಯಾರನ್ನು ಕೂರಿಸಿಕೊಂಡು, ಅಮ್ಮನನ್ನು ಕೂರಿಸಿಕೊಂಡು.

ಮುಂದಕ್ಕೆ ಬರೆಯಲಾರೆ. ಇನ್ನೊಂದನ್ನು ಮಾತ್ರ ಕೇಳುತ್ತೇನೆ, ಅದಕ್ಕೆ ಉತ್ತರ ಬೇಕು. ನವೆಂಬರಿನಲ್ಲಿ ನನ್ನ ಹೆಸರು ಕೂಗಿದ್ದು ತಮಗೆ ಕೇಳಿಸಿತ್ತೇ?

ಅನು

*

ಗುಬ್ಬಿ
೨೬-೨-೨೫

ಅನು,

ಕೇಳಿಸಲಿಲ್ಲ.

ಎಡಗಿವಿ ಬಸ್ಸಿನಲ್ಲಿದ್ದಾಗಲೇ ಹೋಯಿತು. ಇಂಜಿನ್ ಪಕ್ಕದಲ್ಲೇ ಆಯುಸ್ಸು ಕಳೆದವನಿಗೆ ಅದೇನು ದೊಡ್ಡದಲ್ಲ ಅಂತ ಸುಮ್ಮನಿದ್ದೆ. ಬಲಗಿವಿ ಈಚೆಗೆ ಒಣಗುತ್ತಾ ಬಂತು. ಡಾಕ್ಟರಿಗೆ ತೋರಿಸಿದರೆ ಸ್ಟೇರಿಂಗ್ ಬಿಡು ಅನ್ನುತ್ತಾರೆ. ಅದಕ್ಕೇ ತೋರಿಸಲಿಲ್ಲ.

ಆದರೆ ಕಣ್ಣು ಮುಚ್ಚಿಕೊಂಡು ಓಡಿಸಲಿಲ್ಲ ಮಗಳೇ. ರಸ್ತೆ ಹೇಗಿದೆ ಅಂತ ಗಾಡಿ ನನ್ನ ಬೆನ್ನಿಗೆ ಹೇಳುತ್ತಿತ್ತು. ಉಳಿದದ್ದು ನಿನ್ನಮ್ಮ. ಹಿಂದಿನಿಂದ ಹಾರ್ನ್ ಬಂದರೆ ಬಲ ಹೆಗಲು ತಟ್ಟುವಳು. ಆಂಬುಲೆನ್ಸ್ ಬಂದರೆ ಎಡ ಹೆಗಲು. ಎರಡೂ ಹೆಗಲು ತಟ್ಟಿದರೆ ನಿಲ್ಲಿಸು ಅಂತ. ಕುಣಿಯುವ ಗಾಡಿಯಲ್ಲಿ ಅವಳಿಗೆ ಆ ಸೀಟು ಬಿಟ್ಟರೆ ಬೇರೆ ಜಾಗ ಇರಲಿಲ್ಲ. ನೀನು ಬಲೂನು ಕೂರಿಸಿದ ದಿನ ನನ್ನ ಬೆನ್ನೂ ಹೋಯಿತು, ಅವಳ ಕೈಯೂ ಹೋಯಿತು. ಹೆಬ್ಬೂರಿನ ಹತ್ತಿರ ಗಾಡಿ ವಾಲಿದಾಗ ರಸ್ತೆಯೇ ಓರೆ ಅಂದುಕೊಂಡೆ.

ಬಂದು ಕೂತ್ಕೋ ಅಂತ ಅವಳಿಗೆ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಕಂಬಿ ಹಿಡಿದು ಹಿಡಿದು ಅವಳ ಅಂಗೈ ಜಡ್ಡುಗಟ್ಟಿತ್ತು. ಈಗ ಒಲೆ ಮುಂದೆ ನಿಂತು ಹಾಡಿಕೊಳ್ಳುತ್ತಾಳೆ. ಹಾಡುವುದನ್ನು ಕನ್ನಡಿಯಲ್ಲಿ ನೋಡುತ್ತೇನೆ.

ಆ ದಿನ ಘಟಿಕೋತ್ಸವದಲ್ಲಿ ಎಲ್ಲರ ಹೆಸರಿಗೂ ಚಪ್ಪಾಳೆ ತಟ್ಟುತ್ತಿದ್ದರು, ಎಲ್ಲರಿಗೂ ಕರಿ ಗೌನು, ದೂರದಿಂದ ನೀನು ಯಾರು ಅಂತ ಗೊತ್ತಾಗುತ್ತಿರಲಿಲ್ಲ. ‘ಅನು ಹೆಸರು ಕೂಗಿದಾಗ ಮೊಣಕಾಲು ತಟ್ಟು’ ಅಂತ ನಿನ್ನಮ್ಮನಿಗೆ ಹೇಳಿದ್ದೆ. ನಿನ್ನ ಹೆಸರು ಬಂದಾಗ ಅವಳು ಅಳುತ್ತಾ ಕೂತು ಮರೆತಳು. ನಾನು ತಟ್ಟುತ್ತಾಳೆ ಅಂತ ಕಾಯುತ್ತಾ ಫ್ಯಾನು ನೋಡುತ್ತಿದ್ದೆ. ಅವಳನ್ನ ಬೈಯಬೇಡ.

ಬಲೂನು ಬಿಚ್ಚಿಸಿ ಹಳೇ ಪ್ಲೇಟು ಹಾಕಿಸಿಕೊಡು. ಮೊದಲಿನ ಹಾಗೆ ಇಬ್ಬರೂ ಓಡಿಸಿಕೊಂಡು ಹೋಗುತ್ತೇವೆ. ಮಹಾಲಕ್ಷ್ಮಮ್ಮನವರಿಗೆ ನಾನೇ ಹೇಳಿ ಕಳಿಸುತ್ತೇನೆ, ಆಗಲ್ಲ ಅಂತ. ಸ್ಟೇರಿಂಗ್ ಬಿಟ್ಟರೆ ನಾನು ಯಾರು ಅಂತ ನನಗೆ ಗೊತ್ತಿಲ್ಲ.

ಅಪ್ಪ

*

ಮರಳೂರು
೨ ಮಾರ್ಚ್ ೨೦೨೫

ಪೂಜ್ಯ ಅಪ್ಪಾಜಿಯವರಿಗೆ,

ತಮ್ಮ ಕಾಗದ ಬಂದಂದಿನಿಂದ ನಾನು ನಕ್ಷೆ ಬರೆಯುತ್ತಿದ್ದೇನೆ. ಬಜರಿನ ಬದಲು ಕೆಂಪು ದೀಪ. ದೀಪದ ಜೊತೆಗೆ ಬೆನ್ನಿಗೆ ತಟ್ಟುವಂತೆ ನಡುಗುವ ಸೀಟು. ಚಾಸಿಗೇ ಬಿಗಿದ ಹಲಗೆಯ ಮೇಲೆ ಚಾಲಕನ ಆಸನ. ಮೂರೂ ಆಗುವಂಥವೇ. ಮೂರನ್ನೂ ಹರಿದು ಹಾಕಿದೆ.

ಸೋರುವ ಗಾಳಿಯನ್ನು ದೀಪ ತೋರಿಸೀತು. ಚೆಂಡಿನ ಹಿಂದೆ ಓಡಿಬರುವ ಮಗುವಿನ ತಾಯಿ ಕೂಗಿದ್ದನ್ನು ಯಾವ ದೀಪ ತೋರಿಸುತ್ತದೆ? ಅಮ್ಮನಿಗೆ ಒಂದು ಕ್ಷಣ ಕೆಮ್ಮು ಬಂದರೆ, ಕಣ್ಣಿಗೆ ಜೊಂಪು ಹತ್ತಿದರೆ, ಯಾರ ಕೈ ತಮ್ಮ ಹೆಗಲ ಮೇಲಿರುತ್ತದೆ? ಹಳೆಯ ಪ್ಲೇಟುಗಳನ್ನು ನಾನು ಹಾಕಿಸಿಕೊಡುವುದಿಲ್ಲ. ಹಾಕಿಸಿದರೆ ತಾವು ಓಡಿಸುತ್ತೀರಿ. ಇಷ್ಟು ಕಾಲ ಏನೂ ಆಗಲಿಲ್ಲವೆಂಬುದು ನನಗೆ ಧೈರ್ಯ ಕೊಡುತ್ತಿಲ್ಲ. ನೆನೆದಷ್ಟೂ ಹೆಚ್ಚು ಹೆದರಿಸುತ್ತಿದೆ.

ಮಹಾಲಕ್ಷ್ಮಮ್ಮನವರಿಗೆ ಕೊಟ್ಟ ಮಾತು ಉಳಿಯಬೇಕು. ಶಿವಮೂರ್ತಿಯವರ ಪರಿಚಯದ ಮುತ್ತುರಾಜ್ ಎಂಬ ಚಾಲಕ, ಅವರನ್ನು ಆಸ್ಪತ್ರೆಯಿಂದ ಕರೆದೊಯ್ಯುವ ದಿನ ಬೆಳಗ್ಗೆ ಗುಬ್ಬಿಗೆ ಬರುತ್ತಾರೆ. ಪೈಪಿನ ಸುತ್ತ ಕಬ್ಬಿಣದ ಕವಚ ಹಾಕಿಸಿ, ರಬ್ಬರ್ ತುಂಡನ್ನು ಹೊಸದಾಗಿ ಕೂರಿಸಿದ್ದೇವೆ. ತಾವು ಕೀಲಿಯನ್ನು ಅವರ ಕೈಗೆ ಕೊಡಬೇಕು. ಅಮ್ಮನ ಹಳೆಯ ಸೀಟಿನಲ್ಲಿ ತಾವು ಕೂರಬೇಕು.

ಈ ನಾಲ್ಕು ಸಾಲು ಬರೆಯುವುದಕ್ಕೆ ನನಗೆ ಎಷ್ಟು ಭಯವಾಯಿತೆಂದು ತಾವು ನಂಬಲಾರಿರಿ. ಯಾವ ಪರೀಕ್ಷೆಗೂ ನಾನು ಹೀಗೆ ಹೆದರಿದವಳಲ್ಲ. ತಾವು ಇನ್ನೆಂದೂ ನನಗೆ ಉತ್ತರ ಬರೆಯದೆ ಇರಬಹುದು. ಹಾಗಾದರೂ ತಾವು ಇರುತ್ತೀರಿ.

ಕಿವಿಯ ಡಾಕ್ಟರಲ್ಲಿಗೆ ಹೋಗುವಾಗ ನಾನು ಜೊತೆಗೆ ಬರುತ್ತೇನೆ. ಅವರು ತಮ್ಮ ಹೆಸರು ಕೂಗಿದಾಗ ಮೊಣಕಾಲು ತಟ್ಟುತ್ತೇನೆ. ಮರೆಯುವುದಿಲ್ಲ.

ತಮ್ಮ ಮಗಳು,
ಅನುಪಮಾ

*

ಕೊತ್ತಗೆರೆ
೧೯-೩-೨೫

ಅನುವಿಗೆ,

ಮಹಾಲಕ್ಷ್ಮಮ್ಮನವರ ಮನೆ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನ ಮೇಲೆ ಸಿಟ್ಟು ಬಂದಿತ್ತು, ಇಷ್ಟು ದಿನ ಬರೆಯಲಿಲ್ಲ. ಈಗಲೂ ಸ್ವಲ್ಪ ಇದೆ.

ಬೆಳಗ್ಗೆ ಆ ಮುತ್ತುರಾಜ ಬಂದ. ಕೀಲಿ ಕೊಡುವಾಗ ನನ್ನ ಬೆರಳು ಬಿಡಲಿಲ್ಲ. ಅವನು ಏನೋ ಅಂದ. ‘ಸಾರ್, ನಾನ್ ತಗೊಂಡು ಓಡೋಗಲ್ಲ, ನೀವೂ ಜೊತೇಲೇ ಬರ್ತೀರಲ್ಲ’ ಅಂದನಂತೆ. ನಿನ್ನಮ್ಮ ನಕ್ಕಳು.

ತುಮಕೂರಿನ ಆಸ್ಪತ್ರೆಯಿಂದ ಮಹಾಲಕ್ಷ್ಮಮ್ಮನವರನ್ನು ಕರೆತಂದು ಗಾಡಿಯ ಮಂಚದಲ್ಲಿ ಮಲಗಿಸಿದೆವು. ನಾನು ನಿನ್ನಮ್ಮನ ಸೀಟಿನಲ್ಲಿ ಕೂತೆ, ಅವಳು ನನ್ನ ಪಕ್ಕದಲ್ಲಿ. ಗಾಡಿ ಹೊರಟಿದ್ದು ಕಿಟಕಿಯಲ್ಲಿ ಮರ ಹಿಂದಕ್ಕೆ ಹೋದಾಗ ಗೊತ್ತಾಯಿತು. ಸದ್ದಿಲ್ಲ, ಕುಲುಕಿಲ್ಲ, ಮುಂದೆ ಬೇರೆಯವನ ಹೆಗಲು. ನಾನು ಹೆದರಿದ್ದೆ ಮಗಳೇ. ಹೆಬ್ಬೂರಿನಲ್ಲಿ ಅವನು ಒಂದು ಲಾರಿಗೆ ದಾರಿ ಬಿಟ್ಟ. ಆ ಲಾರಿ ಹಿಂದೆ ಬಂದಿದ್ದೇ ನನಗೆ ಗೊತ್ತಿರಲಿಲ್ಲ. ನಾನು ಓಡಿಸುತ್ತಿದ್ದರೆ, ಅಂತ ಒಂದು ಸಲ ಅನ್ನಿಸಿತು. ಆಮೇಲೆ ದಾರಿಯುದ್ದಕ್ಕೂ ಅದೇ ಅನ್ನಿಸುತ್ತಿತ್ತು. ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ, ಹಿಡಿಯುವ ಅಗತ್ಯವೇ ಇರಲಿಲ್ಲ.

ಒಂದು ಹೊತ್ತಿಗೆ ನಿನ್ನಮ್ಮ ಮೊಣಕಾಲು ತಟ್ಟಿದಳು. ನೋಡಿದರೆ ಕೊತ್ತಗೆರೆ. ಗಾಡಿ ಆಗಲೇ ನಿಂತಿತ್ತಂತೆ.

ಮಹಾಲಕ್ಷ್ಮಮ್ಮನವರು ನಿದ್ದೆ ಹೋಗಿದ್ದವರು ಕಣ್ಣು ಬಿಟ್ಟು ಏನೋ ಕೇಳಿದರು. ‘ಆಗಲೇ ಬಂತೇನವ್ವ? ಯಾರು ಮಾಡಿದ್ದು ಈ ಗಾಡೀನ?’ ಅಂದರಂತೆ. ಅದಕ್ಕೆ ನಿನ್ನಮ್ಮ ಉತ್ತರ ಕೊಟ್ಟಳು. ಅದನ್ನು ಯಾರೂ ನನಗೆ ತಿರುಗಿ ಹೇಳಬೇಕಾಗಲಿಲ್ಲ. ಅವಳ ತುಟಿ ನೋಡಿದೆ, ನಿನ್ನ ಹೆಸರು.

ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆ ಮನೆಯವರೆಲ್ಲ ಗಾಡಿ ಬಾಗಿಲಿಗೆ ಬಂದು ನನ್ನ ಮುಖ ನೋಡಿದರು. ಮುತ್ತುರಾಜ ಗಾಬರಿಯಾಗಿ ನಿಂತ ಗಾಡಿಗೇ ಬ್ರೇಕು ಒತ್ತಿದ. ನಾನು ನಿಲ್ಲಿಸಲಿಲ್ಲ. ಎಷ್ಟು ಸದ್ದು ಬಂತೋ ನನಗೆ ಗೊತ್ತಿಲ್ಲ. ಅಂಗೈ ಇನ್ನೂ ಉರಿಯುತ್ತಿದೆ.

ಅಪ್ಪ